ವಾದಿಯ ನೀರಿಗೆ ಗುಟ್ಟೇಕೆ?

ಮಸ್ಕತ್‌ಗೆ ಹೊಂದಿಕೊಂಡ ಅಲ್ ಅಮೇರಾತ್ ಬೋಳುಗುಡ್ಡಗಳ ನಡುವಿನ ಊರು. ಗುಡ್ಡದ ಮೇಲೆ ಮಳೆ ಬಿದ್ದರೆ ಸಾಕು, ವಾದಿಯಲ್ಲಿ, ಅಂದರೆ ಒಣಗಿದ ಹಳ್ಳದಲ್ಲಿ, ನೋಡನೋಡುತ್ತಲೇ ನೀರು ನುಗ್ಗುತ್ತದೆ. 2007ರ ಜೂನ್‌ನಲ್ಲಿ ಬಂದ ಗೋನು ಚಂಡಮಾರುತದ ಮಾತು ಮಸ್ಕತ್‌ನ ಹಳೆಯ ಕನ್ನಡ ಕುಟುಂಬಗಳಲ್ಲಿ ಈಗಲೂ ಬರುತ್ತದೆ. ಇಂಥ ವಾದಿಯ ದಂಡೆಯಲ್ಲಿ ನೀರಿನ ಮಟ್ಟ ಅಳೆಯುವ ಒಂದು ವೈರ್‌ಲೆಸ್ ಸೆನ್ಸರ್ ನೆಟ್ಟರೆನ್ನಿ. ಅದು ಹೇಳುವುದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ನೀರು ದಾರಿಹೋಕರಿಗೂ ಕಾಣುತ್ತದೆ. ಆದರೆ ನೀರು ಉಕ್ಕುವಾಗ ಅದರ ಹೆಸರಿನಲ್ಲಿ ಇನ್ಯಾರೋ ‘ಒಣಗಿದೆ’ ಎಂದು ಸಂದೇಶ ಕಳಿಸಿದರೆ ಜೀವ ಹೋಗುತ್ತದೆ. ಮನೆಯ ನೀರಿನ ಮೀಟರ್ ಕಥೆ ಬೇರೆ. ಬೇಸಿಗೆ ರಜೆಗೆ ಉಡುಪಿಗೋ ಮಂಗಳೂರಿಗೋ ಹೋದವರ ಮೀಟರ್ ದಿನವೂ ಸೊನ್ನೆ ಎಂದರೆ, ಮನೆ ಖಾಲಿಯಿದೆ ಎಂದು ಕಳ್ಳರಿಗೆ ಡಂಗುರ ಹೊಡೆದಂತೆ.

ಈ ಭೇದವನ್ನು ಅರಿತು ಕಟ್ಟಿದ, ವೈರ್‌ಲೆಸ್ ಸೆನ್ಸರ್‌ಗಳ ಭದ್ರತಾ ವ್ಯವಸ್ಥೆ ಟೈನಿಸೆಕ್. ಬರ್ಕ್ಲಿಯ ಕ್ರಿಸ್ ಕಾರ್ಲಾಫ್, ನವೀನ್ ಶಾಸ್ತ್ರಿ, ಡೇವಿಡ್ ವ್ಯಾಗ್ನರ್ ಅದನ್ನು 2004ರಲ್ಲಿ ಪ್ರಕಟಿಸಿದರು. ಕೇವಲ 4 ಕಿಲೋಬೈಟ್ ರ್‍ಯಾಮ್ ಇದ್ದ ಮೈಕಾ2 ಸಾಧನದ ಮೇಲೆ ಅದು ಓಡಿತು. ಸಂದೇಶ ಯಾರದ್ದೆಂದು ದೃಢಪಡಿಸುವುದು ಅದರಲ್ಲಿ ಕಡ್ಡಾಯ, ಸಂದೇಶವನ್ನು ಗುಟ್ಟಾಗಿಡುವ ಎನ್‌ಕ್ರಿಪ್ಷನ್ ಬೇಕಾದವರಿಗೆ ಮಾತ್ರ. ಬರೀ ದೃಢೀಕರಣಕ್ಕೆ ಸುಮಾರು 3%, ಎನ್‌ಕ್ರಿಪ್ಷನ್ ಸೇರಿದರೆ 10% ಹೆಚ್ಚು ವಿದ್ಯುತ್. ಆಯ್ಕೆಯನ್ನು ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂಬ ಈ ವಿವೇಕವೇ ನನಗೆ ಅದರ ದೊಡ್ಡ ಗುಣವಾಗಿ ಕಾಣುತ್ತದೆ. ಇಂಥದ್ದೇ ಪುಟ್ಟ ವೈರ್‌ಲೆಸ್ ಸಾಧನಗಳಿಗೆಂದು ಬಂದ 2003ರ 802.15.4 ಮಾನದಂಡದಲ್ಲಿ ಆ ವಿವೇಕ ಇರಲಿಲ್ಲ. ದೃಢೀಕರಣವಿಲ್ಲದ ಬರೀ ಎನ್‌ಕ್ರಿಪ್ಷನ್ನನ್ನೂ ಅದು ಒಂದು ಆಯ್ಕೆಯಾಗಿ ಕೊಟ್ಟಿತ್ತು. ಆ ವಿಧಾನದಲ್ಲಿ ಗೂಢಲಿಪಿಯ ಒಂದು ಬಿಟ್ ತಿರುಗಿಸಿದರೆ ಒಳಗಿನ ಅಂಕಿಯಲ್ಲೂ ಅದೇ ಬಿಟ್ ತಿರುಗುತ್ತದೆ. ಕೀಲಿ ಗೊತ್ತಿಲ್ಲದವನೂ ನೀರಿನ ಮಟ್ಟ ಬದಲಿಸಬಹುದು!

ಟೈನಿಸೆಕ್‌ನ ದೃಢೀಕರಣ ಸಂಕೇತ 4 ಬೈಟ್ ಅಷ್ಟೆ. ಸಾಲದೇ ಎಂದರೆ ಅವರ ಲೆಕ್ಕ ಹೀಗಿತ್ತು: ಆ ರೇಡಿಯೋದಲ್ಲಿ ಸೆಕೆಂಡಿಗೆ ಸುಮಾರು 40 ಸುಳ್ಳು ಪ್ಯಾಕೆಟ್ ಮಾತ್ರ ಕಳಿಸಲು ಸಾಧ್ಯ, ಒಂದು ತಾಗಲು ಸರಾಸರಿ 20 ತಿಂಗಳಿಗೂ ಹೆಚ್ಚು ಬೇಕು. ಲೆಕ್ಕ ಸರಿಯೇ. ನನ್ನ ತಕರಾರು ಬೇರೆ ಕಡೆಗಿದೆ. ನಿನ್ನೆಯ ಅಸಲಿ ಪ್ಯಾಕೆಟ್ಟನ್ನೇ ಹಿಡಿದಿಟ್ಟು ಇವತ್ತು ಮತ್ತೆ ಕಳಿಸುವವನನ್ನು ಅದು ತಡೆಯುವುದಿಲ್ಲ. ಹಾಗೆ ತಡೆಯುವುದು ಮೇಲಿನ ಪದರದ ತಂತ್ರಾಂಶದ ಕೆಲಸವೆಂದು ಟೈನಿಸೆಕ್ ಕೈತೊಳೆದುಕೊಂಡಿತು. ಸಾಲದ್ದಕ್ಕೆ, ಇಡೀ ಜಾಲಕ್ಕೆ ಒಂದೇ ಕೀಲಿ ಇಡುವುದು ಅಲ್ಲಿ ರೂಢಿಯಾಗಿತ್ತು. ಕಾವಲಿಲ್ಲದ ವಾದಿಯಿಂದ ಒಂದು ಡಬ್ಬಿ ಕಿತ್ತೊಯ್ದು ಬಿಚ್ಚಿದರೆ ಎಲ್ಲವೂ ಬಯಲು.

2023ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಪುಟ್ಟ ಸಾಧನಗಳಿಗೆಂದು ಆಸ್ಕಾನ್ ಎಂಬ ಗೂಢಲಿಪಿ ವಿಧಾನವನ್ನು ಆರಿಸಿದಾಗ ಭಾರೀ ಸದ್ದಾಯಿತು. ಆಸ್ಕಾನ್ ಹಗುರ, ಚೊಕ್ಕ. ಆದರೆ ಕೀಲಿಯ ಗೋಳನ್ನು ಅದೊಂದೇ ತೀರಿಸಲಾರದು. ಆ ವಿಷಯದಲ್ಲಿ ದೂರದ ಸೆನ್ಸರ್‌ಗಳ ರೇಡಿಯೋ ಮಾನದಂಡವಾದ ಲೋರಾವಾನ್ ಮುಂದೆ ಹೋಯಿತು: ಪ್ರತಿ ಸಾಧನಕ್ಕೂ ಬೇರೆ ಕೀಲಿ, ಹಳೆಯ ಪ್ಯಾಕೆಟ್ ಮತ್ತೆ ನಡೆಯದಂತೆ ಪ್ರತಿ ಪ್ಯಾಕೆಟ್ಟಿಗೂ ಏರುವ ಸಂಖ್ಯೆ. ಅಲ್ಲೂ ಎಡವಟ್ಟು ಇತ್ತು. ಕಾರ್ಖಾನೆಯಲ್ಲೇ ಕೀಲಿ ತುಂಬಿ ಕಳಿಸಿದ ಹಳೆಯ ಸಾಧನಗಳಲ್ಲಿ ಬ್ಯಾಟರಿ ತೆಗೆದು ಹಾಕಿದರೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಆಗ ಸರ್ವರ್ ಅದರ ಮಾತು ಕೇಳುವುದಿಲ್ಲ. ಫೋನ್ ಕರೆಗಳಿಗೆ ಬೇಸತ್ತ ಯಾರೋ ಸರ್ವರಿನಲ್ಲಿ ಎಣಿಕೆಯ ತಪಾಸಣೆಯನ್ನೇ ಆಫ್ ಮಾಡುತ್ತಾರೆ. ನಿನ್ನೆಯ ‘ಒಣಗಿದೆ’ ಆಗ ಇವತ್ತಿಗೂ ನಡೆಯುತ್ತದೆ.