ದತ್ತಾಂಶ ಶಾಸನದಲ್ಲಿ ಭಾಷೆಯ ಪ್ರಶ್ನೆ

ಶಾಸನದ ಮಾತನ್ನು ನ್ಯಾಯವಾದಿಗಳಿಗೆ ಬಿಟ್ಟು ಸುಮ್ಮನಿರುವುದು ಭಾಷಾಭ್ಯಾಸಿಗಳಾದ ನಮ್ಮಲ್ಲಿ ರೂಢಿ. ಶಾಸನವೇ ಭಾಷೆಯನ್ನು ಕುರಿತು ಮಾತನಾಡುವಾಗ ಈ ಮೌನವು ಉಚಿತವಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಆ ತೀರ್ಪಿನ ಬೆನ್ನಿಗೆ ಬಂದುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು.

ನಮ್ಮ ವಿವರಗಳನ್ನು ಪಡೆಯುವ ಸಂಸ್ಥೆಯು ಮೊದಲು ಸಮ್ಮತಿ ಕೇಳಬೇಕು. ಆ ಕೋರಿಕೆಯು ಸ್ಪಷ್ಟವೂ ಸರಳವೂ ಆದ ಭಾಷೆಯಲ್ಲಿರಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆಯೂ ಇರಬೇಕು ಎನ್ನುತ್ತದೆ 6ನೆಯ ಪ್ರಕರಣ. ಇದು ಶ್ಲಾಘ್ಯವೇ. ಆದರೆ ಅದೇ ವಿವರಗಳು ಸೋರಿಹೋದಾಗ? ಮಂಡಳಿಗೂ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು 8ನೆಯ ಪ್ರಕರಣವು ವಿಧಿಸುತ್ತದೆ. ಹೇಗೆ ತಿಳಿಸಬೇಕೆಂಬುದನ್ನು ನಿಯಮವು ಹೇಳುತ್ತದೆ: ಸಂಕ್ಷಿಪ್ತವಾಗಿ, ಸ್ಪಷ್ಟವಾಗಿ, ಸರಳವಾಗಿ, ವಿಳಂಬವಿಲ್ಲದೆ. ಯಾವ ಭಾಷೆಯಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ.

'ಸರಳ' ಎಂಬಲ್ಲಿಯೇ ಭಾಷೆಯೂ ಅಡಕವಾಗಿದೆಯೆಂದು ವಾದಿಸುವವರು ಇರಬಹುದು. ನಾವು ಒಪ್ಪಲಾರೆವು. ಹಾಗಿದ್ದಲ್ಲಿ 6ನೆಯ ಪ್ರಕರಣದಲ್ಲಿ ಸರಳತೆಯನ್ನು ಹೇಳಿದ ಮೇಲೆ ಭಾಷೆಯ ಆಯ್ಕೆಯನ್ನು ಬೇರೆಯಾಗಿ ಹೇಳುವ ಅಗತ್ಯವೇನಿತ್ತು?

ಉತ್ತರ ಕನ್ನಡದ ಕರಾವಳಿಯಲ್ಲಿ ಈ ಮೌನದ ಬೆಲೆ ತಿಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕನ್ನಡ, ಕೊಂಕಣಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಕೊಂಕಣಿಯು 1992ರಲ್ಲಿ ಅನುಸೂಚಿಯನ್ನು ಸೇರಿತು. ಆದರೆ ಅನುಸೂಚಿಯು ಹೆಸರಿಸುವುದು ಭಾಷೆಯನ್ನು, ಲಿಪಿಯನ್ನಲ್ಲ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವವರಿಗೆ ದೇವನಾಗರಿಯ ಪಾಠವು ಸುಲಭವಲ್ಲ; ಕೊಂಕಣಿಯ ಬಳಗದ್ದೇ ಆದ ಭಟ್ಕಳದ ನವಾಯತಿಗೆ ಅರಬಿ-ಪಾರಸಿ ಲಿಪಿಯ ಸಂಪ್ರದಾಯವಿದೆ. ಸಮ್ಮತಿಯ ಘಟ್ಟದಲ್ಲಿಯೂ ಈ ತೊಡಕು ಉಂಟೆಂಬುದನ್ನು ಮರೆಯಲಾಗದು.

ಇನ್ನೊಂದು ಮಾತು. ಸುದ್ದಿಯು ನೋಂದಾಯಿತ ಮಾರ್ಗದಲ್ಲಿ ತಲಪಿದರೆ ಸಾಕು. ಖಾತೆ ತಾಯಿಯದು, ನೋಂದಾಯಿಸಿದ ದೂರವಾಣಿ ದುಬೈಯಲ್ಲಿರುವ ಮಗನದು ಎಂಬಂತಹ ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. (ಅಧಿನಿಯಮದ ಇಂಗ್ಲಿಷ್ ಪಾಠವು ವ್ಯಕ್ತಿಯನ್ನು ಉದ್ದಕ್ಕೂ ಸ್ತ್ರೀಲಿಂಗದಲ್ಲಿಯೇ ನಿರ್ದೇಶಿಸುತ್ತದೆ!) ತಿಳಿಸದಿದ್ದ ಸಂಸ್ಥೆಗೆ 200 ಕೋಟಿ ರೂಪಾಯಿಗಳವರೆಗೆ ದಂಡವುಂಟು, ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ, ಆ ತಾಯಿಗಲ್ಲ.

ಸೋರಿಕೆಯನ್ನು ತಿಳಿಸುವ ನಿಯಮವು ಪ್ರಕಟಣೆಯಿಂದ ಹದಿನೆಂಟು ತಿಂಗಳ ಮೇಲೆ ಜಾರಿಗೆ ಬರತಕ್ಕದ್ದೆಂದು ನಿಗದಿಯಾಯಿತು. ಸಮ್ಮತಿಯನ್ನು ಪಡೆದ ಭಾಷೆಯಲ್ಲಿಯೇ ಸೋರಿಕೆಯನ್ನೂ ತಿಳಿಸತಕ್ಕದ್ದು ಎಂಬ ಒಂದು ವಾಕ್ಯವನ್ನು ಅದರಲ್ಲಿ ಸೇರಿಸಬೇಕೆಂಬುದು ನಮ್ಮ ಸೂಚನೆ.