ಪ್ರಚಾರಪರೀಕ್ಷೆಯ ಪಾಠ

ಅಚ್ಚಾದ ಮಾತನ್ನೂ ಆಕಾಶವಾಣಿಯ ಮಾತನ್ನೂ ಪ್ರೌಢಶಾಲೆಯ ವಿದ್ಯಾರ್ಥಿಗಳು ಹೇಗೆ ಪರೀಕ್ಷಿಸಬೇಕೆಂಬುದನ್ನು ಶಾಸ್ತ್ರರೂಪದಲ್ಲಿ ಹೇಳಲೆಳಸಿದವರಲ್ಲಿ, 1937ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಪ್ರಚಾರ ವಿಶ್ಲೇಷಣ ಸಂಸ್ಥೆಯವರು ಪ್ರಮುಖರು. ಕೊಲಂಬಿಯದ ಅಧ್ಯಾಪಕ ಕ್ಲೈಡ್ ಮಿಲ್ಲರರು ಅದರ ಪ್ರವರ್ತಕರು. ಬೋಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನರು ದ್ರವ್ಯಸಹಾಯ ಮಾಡಿದವರು. ಆ ವರ್ಷದ ನವೆಂಬರಿನಲ್ಲಿ ಸಂಸ್ಥೆಯು ಪ್ರಚಾರದ ಏಳು ತಂತ್ರಗಳನ್ನು ಹೆಸರಿಸಿತು: ಹೆಸರಿಟ್ಟು ಹಳಿಯುವುದು, ಹೊಳೆಯುವ ಮಾತನ್ನಾಡುವುದು, ಪೂಜ್ಯವಸ್ತುವಿನ ಮಹಿಮೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು, ದೊಡ್ಡವರ ಸಾಕ್ಷ್ಯ ತರುವುದು, ತಾನೂ ಜನಸಾಮಾನ್ಯನೆನ್ನುವುದು, ಇಸ್ಪೀಟಿನ ಎಲೆಗಳನ್ನು ಕಳ್ಳತನದಿಂದ ಜೋಡಿಸುವಂತೆ ಸಂಗತಿಗಳನ್ನು ಜೋಡಿಸುವುದು, ಎಲ್ಲರೂ ಬಂದರು ನೀವೂ ಬನ್ನಿರೆನ್ನುವುದು.

ಈ ಲಕ್ಷಣಗಳಿಗೆ ಲಕ್ಷ್ಯವಾಗಿ 1939ರಲ್ಲಿ ಲೀ ದಂಪತಿಗಳು ಸಂಪಾದಿಸಿದ ‘ದಿ ಫೈನ್ ಆರ್ಟ್ ಆಫ್ ಪ್ರಾಪಗಾಂಡ’ ಎಂಬ ಗ್ರಂಥವು ಹೊರಬಿದ್ದಿತು. ಆಕಾಶವಾಣಿಯಿಂದ ಯೆಹೂದ್ಯದ್ವೇಷವನ್ನು ಬಿತ್ತುತ್ತಿದ್ದ ಪಾದ್ರಿ ಕಾಗ್ಲಿನನ ಭಾಷಣಗಳೇ ಇಲ್ಲಿ ಪರೀಕ್ಷಾವಸ್ತು. ವಾಕ್ಯಗಳ ನಡುವೆ ತಂತ್ರಸೂಚಕವಾದ ಚಿಹ್ನೆಗಳು ಮುದ್ರಿತವಾಗಿವೆ. ಹಳಿಯುವ ಕಡೆ ಕೆಳಕ್ಕೆ ಬಾಗಿದ ಹೆಬ್ಬೆರಳು, ಜನಸಾಮಾನ್ಯನೆನ್ನುವ ಕಡೆ ಹಳೆಯ ಜೋಡು, ಜೋಡಣೆಯ ಕಡೆ ಎಕ್ಕದ ಎಲೆ. ಬಾಲಕರ ಕಣ್ಣಿಗೆ ಇದಕ್ಕಿಂತ ರಂಜಕವಾದ ಪಾಠವು ದುರ್ಲಭ. ಅಬ್ಬರದ ಮಾತಿನ ಮುಂದೆ ಒಂದು ಕ್ಷಣ ನಿಲ್ಲುವಂತೆ ಮಾಡಿದುದೇ ಈ ಗ್ರಂಥದ ದೊಡ್ಡ ಗುಣ.

ಆದರೆ ತಂತ್ರವನ್ನು ಗುರುತಿಸಿದ ಮಾತ್ರಕ್ಕೆ ಸತ್ಯಾಸತ್ಯವು ತಿಳಿಯಿತೇ? ನಮ್ಮ ಶಾಲೆಗಳಲ್ಲಿ ಪದ್ಯದ ಪಾದಕ್ಕೆ ಉಪಮೆ, ಉತ್ಪ್ರೇಕ್ಷೆ ಎಂದು ಹೆಸರಿಟ್ಟು ಅಂಕ ಪಡೆದ ಹುಡುಗನು ಕಾವ್ಯವನ್ನು ಓದಿದಂತಾಗುವುದಿಲ್ಲವಷ್ಟೆ. ಲಿಂಕನನು ಮರದ ದಿಮ್ಮಿಯ ಗುಡಿಸಲಿನಲ್ಲಿ ಹುಟ್ಟಿದನೆಂಬುದು 1860ರ ಚುನಾವಣೆಯಲ್ಲಿ ಅವನ ಪಕ್ಷದವರಿಗೆ ಬಹಳ ಉಪಯೋಗಕ್ಕೆ ಬಂದಿತು. ಹಳೆಯ ಜೋಡಿನ ಚಿಹ್ನೆಗೆ ಅದು ಉತ್ತಮ ನಿದರ್ಶನ. ಆದರೂ ಅದು ನಿಜವೇ ಆಗಿತ್ತು. ನಿಜವೂ ಸುಳ್ಳೂ ಒಂದೇ ಉಡುಗೆಯನ್ನು ತೊಡಬಲ್ಲವಾದುದರಿಂದ, ಉಡುಗೆಯನ್ನೇ ನೋಡಲು ಕಲಿತ ಬಾಲಕನು ಎಲ್ಲವನ್ನೂ ಸಮವಾಗಿ ಅಪನಂಬತೊಡಗುವನು. ಈ ಆಕ್ಷೇಪವು ಆ ಕಾಲದಲ್ಲಿಯೇ ಎದ್ದಿತು. 1942ರಲ್ಲಿ ಸಂಸ್ಥೆಯು ನಿಂತುಹೋಯಿತು.

ಏಳರಲ್ಲಿ ಆರನೆಯದೇ ವಿಚಾರಾರ್ಹವಾದುದು. ಉಳಿದವು ಭಾಷಣದೊಳಗೇ ಕಾಣತಕ್ಕವು. ಯಾವ ಸಂಗತಿಯನ್ನು ಬಿಟ್ಟರು, ಯಾವುದನ್ನು ತಿರುಚಿದರು ಎಂಬುದನ್ನು ಭಾಷಣವೇ ಹೇಳಲಾರದು. ಕಾಗ್ಲಿನನು 1938ರಲ್ಲಿ ತನ್ನ ಪತ್ರಿಕೆಯಲ್ಲಿ ಯೆಹೂದ್ಯರ ಒಳಸಂಚಿನ ದಾಖಲೆಯೆಂದು ‘ಪ್ರೋಟೊಕೋಲ್ಸ್’ ಎಂಬುದನ್ನು ಅಚ್ಚುಹಾಕಿಸಿದನು. ಅದರ ಸಾಲುಸಾಲಿಗೆ ಹೆಬ್ಬೆರಳನ್ನು ಬಿಡಿಸಿದರೂ ಅದು ಕೃತಕವೆಂದು ಗೊತ್ತಾಗದು. ಮೂರನೆಯ ನೆಪೋಲಿಯನ್ನನನ್ನು ಅಣಕಿಸಲು 1864ರಲ್ಲಿ ಬರೆದ ಫ್ರೆಂಚ್ ಪುಸ್ತಕವೊಂದರಿಂದ ಅದನ್ನು ಕದ್ದು ಹೆಣೆದುದೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1921ರಲ್ಲಿಯೇ ತೋರಿಸಿತ್ತು. ಆ ಒಂದು ಹಳೆಯ ಸಂಚಿಕೆಯನ್ನು ಹುಡುಕಿದ ವಿದ್ಯಾರ್ಥಿಗೆ ಏಳು ಚಿಹ್ನೆಗಳೂ ಬೇಕಾಗುತ್ತಿರಲಿಲ್ಲ.

ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದನ್ನೇ ಬಲಪಡಿಸುತ್ತದೆ. ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ವಾರ್ತಾಪರಿಶೋಧಕರು, ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳು ಅಂತರ್ಜಾಲದ ಪುಟಗಳನ್ನು ತೂಗಿದರು. ಪುಟದ ಅಂದಚೆಂದವನ್ನೂ ಮುದ್ರೆಯನ್ನೂ ನೋಡುತ್ತ ಒಳಗೇ ಉಳಿದ ಪಂಡಿತರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಅನೇಕರು ಮೋಸಹೋದರು. ಪರಿಶೋಧಕರು ಪುಟವನ್ನು ಬಿಟ್ಟು ಹೊರಗೆ ಹೋಗಿ, ಈ ಮಾತಿನವನು ಯಾರೆಂದು ಮೊದಲು ವಿಚಾರಿಸಿದರು. ಆಪ್ತನಾರು ಎಂದು ಕೇಳಿದ ನಮ್ಮ ನೈಯಾಯಿಕರಿಗೆ ಇದು ಅಪರಿಚಿತವಾದ ದಾರಿಯಲ್ಲ.

ಆದರೆ ಹೊಸ ಕ್ರಮವೂ ಒಂದು ಕಡೆ ಕುಂಟುತ್ತದೆ. ಇಂಗ್ಲಿಷಿನ ಪುಟವನ್ನು ಬಿಟ್ಟು ಹೊರಟ ಬಾಲಕನಿಗೆ ಹೊರಗೆ ಹತ್ತು ಸಾಕ್ಷಿಗಳು ದೊರೆಯುತ್ತವೆ. ನೆರೆಯೂರಿನ ಗಲಭೆಯನ್ನು ಕುರಿತು ಕನ್ನಡದಲ್ಲಿ ಕೈಯಿಂದ ಕೈಗೆ ಬಂದ ನಾಲ್ಕು ಸಾಲನ್ನು ಓದಿದ ಬಾಲಕನು ಎಲ್ಲಿಗೆ ಹೋಗಬೇಕೆಂಬುದನ್ನು ಆ ಪಾಠವು ಹೇಳುವುದಿಲ್ಲ.