ಬಿಡುಗಡೆಯಾದವರು ಯಾರು?

ಹೈದರಾಬಾದ್ ಕರ್ನಾಟಕದ ಆಧುನಿಕ ಕಾವ್ಯದ ಮಾತು ಬಂದರೆ ವಿಮರ್ಶೆ ನಿಜಾಮನ ಪರ ನಿಂತ ರಜಾಕಾರರ ಹಾವಳಿಯಿಂದ ಹೊರಟು 1948ರ ಸೆಪ್ಟೆಂಬರ್ 17ಕ್ಕೆ ಬಂದು ನಿಂತುಬಿಡುತ್ತದೆ. ನಿಜಾಮನ ಶರಣಾಗತಿಯೇ ಕಥೆಯ ಕೊನೆ ಎಂಬಂತೆ. ಆ ಹೊತ್ತಿನ ಹೋರಾಟದ ಹಾಡುಗಳಿಗೆ ಚರಿತ್ರೆಯಲ್ಲಿ ಸ್ಥಾನವಿದೆ, ಕಾವ್ಯವಾಗಿ ಉಳಿದದ್ದು ಕಡಿಮೆ. ಈ ಸೀಮೆಯ ಕಾವ್ಯಕ್ಕೆ ಕಸುವು ಬಂದದ್ದು ಮರುದಿನದ ಪ್ರಶ್ನೆಯಿಂದ: ಬಿಡುಗಡೆ ಆದದ್ದು ಯಾರಿಗೆ? ಉರ್ದುವಿನಲ್ಲಿ ಆಡಳಿತ ನಡೆಸುತ್ತಿದ್ದ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಸಿದ್ಧಯ್ಯ ಪುರಾಣಿಕರು ಇದಕ್ಕೆ ಮಾನವತೆಯ ಉತ್ತರ ಕೊಟ್ಟರು. ಉತ್ತರ ಉದಾತ್ತವಾದದ್ದು, ಆದರೆ ಯಾರನ್ನೂ ನೋಯಿಸದಷ್ಟು ಸಾಮಾನ್ಯ. ಹೋರಾಟದಲ್ಲಿ ತೊಡಗಿದ್ದ ರಾಯಚೂರಿನ ಶಾಂತರಸರು ಕನ್ನಡಕ್ಕೆ ಉರ್ದುವಿನ ಗಜಲ್ ತಂದರು. ಆಳಿದವನನ್ನು ವಿರೋಧಿಸಿದವರು ಅವನ ಭಾಷೆಯನ್ನು ದ್ವೇಷಿಸಲಿಲ್ಲ. ನಿಜಾಮನನ್ನು ಮಣಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ನಡೆದ ಮುಸ್ಲಿಮರ ಕೊಲೆಗಳನ್ನು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು; ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ನಮ್ಮ ಕಾವ್ಯದಲ್ಲಿ ಆ ದುಃಖದ ದನಿ ತೀರಾ ಕ್ಷೀಣ. ಹಾಗಿರುವಾಗ ಶಾಂತರಸರ ಗಜಲ್ ಬರೀ ಛಂದಸ್ಸಿನ ಹವ್ಯಾಸವಲ್ಲ.

ಬಿಡುಗಡೆ ಯಾರಿಗೆ ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದವರು ಚೆನ್ನಣ್ಣ ವಾಲೀಕಾರರು. 1943ರಲ್ಲಿ ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಅವರು ನಿಜಾಮಶಾಹಿ ಮುಗಿದಾಗ ಐದು ವರ್ಷದ ಹುಡುಗ. ಅವರ ಕಣ್ಣೆದುರು ಬೆಳೆದದ್ದು ಬಿಡುಗಡೆಯ ನಂತರದ ನಾಡು: ಶಹಾಬಾದಿನ ಫರ್ಸಿಕಲ್ಲಿನ ಖಣಿ, ವಾಡಿಯ ಸಿಮೆಂಟ್ ಕಾರ್ಖಾನೆ, ಸೇಡಂ ಚಿಂಚೋಳಿಗಳ ತೊಗರಿ ಹೊಲ, ಬರ ಬಿದ್ದ ವರ್ಷ ಊರು ಬಿಡುವ ಕೂಲಿ. ದೊರೆ ಹೋದ, ಗೌಡನ ಅಂಗಳ, ಊರ ಹೊರಗಿನ ಕೇರಿ ಇದ್ದಲ್ಲೇ ಇದ್ದವು. ಅವರ ‘ಕರಿತೆಲಿ ಮಾನವನ ಜೀಪದ’ದ ಸಿಟ್ಟಿನ ಬೇರು ಇಲ್ಲಿದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಮೊದಲೇ ಈ ಸಿಟ್ಟು ಪದ್ಯವಾಗಿತ್ತೆಂಬುದನ್ನು ಬೆಂಗಳೂರು ಕೇಂದ್ರಿತ ವಿಮರ್ಶೆ ಗಂಭೀರವಾಗಿ ತೆಗೆದುಕೊಂಡಿಲ್ಲ.

ವಾಲೀಕಾರರು ತಮ್ಮ ಸೀಮೆಯ ಆಡುಮಾತನ್ನು ಕಾವ್ಯಕ್ಕೆ ತಂದದ್ದರಲ್ಲಿ ಹೊಸದೇನು, ಬೇಂದ್ರೆ ಮಾಡಲಿಲ್ಲವೇ ಎಂದು ಕೇಳಬಹುದು. ಬೇಂದ್ರೆಯವರ ಧಾರವಾಡದಲ್ಲಿ 1890ರಿಂದಲೇ ವಿದ್ಯಾವರ್ಧಕ ಸಂಘವಿತ್ತು. ಕನ್ನಡ ಶಾಲೆ, ಪತ್ರಿಕೆ, ಓದುಗರಿದ್ದರು. ಅಲ್ಲಿನ ಮಾತು ಕಾವ್ಯಕ್ಕೆ ಬಂದಾಗ ಅದರ ಬೆನ್ನಿಗೆ ಒಂದು ಊರಿನ ಆತ್ಮವಿಶ್ವಾಸವಿತ್ತು. ಕಲಬುರಗಿ ಸೀಮೆಯ ಮಾತಿಗೆ ಮೊದಲು ಉರ್ದು ಅಡ್ಡವಾಯಿತು, 1956ರ ಏಕೀಕರಣದ ಮೇಲೆ ಶಿಷ್ಟ ಕನ್ನಡ. ಪಠ್ಯದಲ್ಲಿ ಬರುವುದು ಒಂದು ಕನ್ನಡ, ಮನೆಯಲ್ಲಾಡುವುದು ಇನ್ನೊಂದು. ಈ ಅಂತರ ಹೊಸದೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಆದರೆ ಅದು ಕನ್ನಡದ ತಿರುಳೆಂದು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು. ರಾಜಧಾನಿಯೇ ಅದರಾಚೆ ಉಳಿಯಿತು! ಆ ಅಂಚಿನ ಮಾತಿಗೆ ವಾಲೀಕಾರರು ಕಾವ್ಯದ ಹಕ್ಕು ಕೇಳಿದರು. ಇದು ಬೇಂದ್ರೆಯವರ ಕೆಲಸವಲ್ಲ, ಬೇರೆಯೇ ಕೆಲಸ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ: ವಾಲೀಕಾರರ ಕಾವ್ಯ ಕೂಗುತ್ತದೆ, ಹಿಡಿತವಿಲ್ಲದೆ ಹರಿಯುತ್ತದೆ. ‘ವ್ಯೋಮಾವ್ಯೋಮ’ ಮಹಾಕಾವ್ಯದ ಗಾತ್ರ ನೋಡಿದರೆ ಇದನ್ನು ಅಲ್ಲಗಳೆಯಲಾಗದು. ಸಂಪಾದಕನ ಕತ್ತರಿ ಆಡಬೇಕಿತ್ತು. ಒಳ್ಳೆಯ ಭಾಗಗಳು ಮಾತಿನ ಮಳೆಯಲ್ಲಿ ತೊಯ್ದು ಹೋಗುತ್ತವೆ. ಆದರೆ ಸಂಯಮವೊಂದೇ ಕಾವ್ಯದ ಅಳತೆಗೋಲು ಎಂದವರು ಯಾರು? ಅದು ನವ್ಯದವರು ತಮ್ಮ ಕಾವ್ಯಕ್ಕೆಂದು ರೂಪಿಸಿಕೊಂಡ ಅಳತೆ. ಹಂತಿ ಪದ, ಮೊಹರಮ್ಮಿನ ರಿವಾಯತು ಕೇಳಿ ಬೆಳೆದ ಸೀಮೆಯಲ್ಲಿ ಪುನರುಕ್ತಿ ದೋಷವಲ್ಲ, ಹಾಡಿನ ನಡೆ. ಈ ಕಿವಿಯಿಟ್ಟು ಓದಿದರೆ ದೋಷವೆಂದು ಕಂಡದ್ದರಲ್ಲಿ ಅರ್ಧದಷ್ಟಾದರೂ ಗುಣವಾಗಿ ಕೇಳಿಸುತ್ತದೆ. ಉಳಿದರ್ಧ ದೋಷವೇ.

ವಾಲೀಕಾರರು 2019ರ ನವೆಂಬರಿನಲ್ಲಿ ತೀರಿಕೊಂಡರು; ಅದೇ ವರ್ಷ ಸರ್ಕಾರ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತ್ತು. ಅವರು ಪಾಠ ಹೇಳಿದ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಅವರ ಕಾವ್ಯದ ಗಟ್ಟಿ ಭಾಗಗಳನ್ನು ಆಯ್ದು, ಸ್ಥಳೀಯ ಪದಗಳಿಗೆ ಅರ್ಥಕೋಶ ಸೇರಿಸಿ, ಮೈಸೂರಿನ ವಿದ್ಯಾರ್ಥಿಯೂ ಓದುವಂತೆ ಅಗ್ಗದ ಬೆಲೆಯಲ್ಲಿ ಪ್ರಕಟಿಸಬೇಕು.